ಮೈಲಪ್ಪಂದಿರ ವಿಲೀನ

ಗಾದಿಲಿಂಗ ಮೇಷ್ಟ್ರಿಗೆ ಒಂದೇ ಥರದ್ದು ಎರಡೆರಡು ಕಂಡರೆ ಸಮಾಧಾನವಿರುತ್ತಿರಲಿಲ್ಲ. ಸವೆದು ಬಿಲ್ಲೆಯಾದ ಸಾಬೂನನ್ನು ಹೊಸ ಸಾಬೂನಿನ ಬೆನ್ನಿಗೆ ಅಂಟಿಸುವುದು, ಅರ್ಧ ಉಳಿದ ಎರಡು ಉಪ್ಪಿನಕಾಯಿ ಜಾಡಿಗಳನ್ನು ಒಂದಕ್ಕೆ ಸುರಿಯುವುದು ಅವರ ಹುಟ್ಟುಗುಣ. ಒಮ್ಮೆ ಮಾವಿನಕಾಯಿಯದನ್ನೂ ನಿಂಬೆಕಾಯಿಯದನ್ನೂ ಹೀಗೆ ಒಂದು ಮಾಡಿ ಹೆಂಡತಿ ಗೀತಮ್ಮನಿಂದ ವಾರವಿಡೀ ಬೈಸಿಕೊಂಡಿದ್ದರು. ಆದರೂ ಬುದ್ಧಿ ಬಂದಿರಲಿಲ್ಲ. ಹಾಗಾಗಿ ಆ ಶನಿವಾರ ಸಂಜೆ ಕಂಪ್ಯೂಟರಿನ ಪರದೆಯ ಮೇಲೆ "ಒಂದೇ ಹೆಸರಿನ ನಮೂದುಗಳು ಕಂಡುಬಂದಿವೆ. ಒಂದುಗೂಡಿಸಲೇ?" ಎಂಬ ಪ್ರಶ್ನೆ ಮೂಡಿದಾಗ, ಮೇಷ್ಟ್ರು ಹಿಂದೆಮುಂದೆ ನೋಡದೆ "ಹೌದು" ಒತ್ತಿ, ಒಂದು ಒಳ್ಳೆಯ ಕೆಲಸ ಮಾಡಿದ ಖುಷಿಯಲ್ಲಿ ಕೈ ತೊಳೆದು ಊಟಕ್ಕೆ ಎದ್ದರು.

ಹೂವಿನಹಡಗಲಿಯ ಒಂದು ಹೈಸ್ಕೂಲಿನಲ್ಲಿ ಅವರು ಕನ್ನಡ ಮೇಷ್ಟ್ರು. ತಲೆಯ ಮುಂಭಾಗದ ಕೂದಲು ಇರುವಾಗ ಪಿಎಚ್‌ಡಿಗೆ ಹೆಸರು ನೋಂದಾಯಿಸಿದ್ದರು, ಈಗ ಹಿಂಭಾಗದ ಕೂದಲೂ ಹೊರಡುವ ಸನ್ನಾಹದಲ್ಲಿತ್ತು. ವಿಷಯ, ಹಡಗಲಿ ಸೀಮೆಯ ಮಲ್ಲಿಗೆ ಬೆಳೆಗಾರರ ಮಾತಿನಲ್ಲಿರುವ ಪದಗಳು. ಗಿಡ ನೆಡುವುದರಿಂದ ಹಿಡಿದು ಮೊಗ್ಗು ಬಿಡಿಸುವುದು, ತೂಗುವುದು, ಕಟ್ಟುವುದು, ಬಸ್ಸಿಗೆ ಹಾಕುವುದರವರೆಗೆ ಜನ ಬಳಸುವ ಒಂದೊಂದು ಮಾತನ್ನೂ ಮೇಷ್ಟ್ರು ಪ್ರೀತಿಯಿಂದ ಹೆಕ್ಕಿ ತಂದಿದ್ದರು. ಅವಧಿಯನ್ನು ಎಷ್ಟು ಸಲ ವಿಸ್ತರಿಸಬಹುದೋ ಅಷ್ಟು ಸಲ ವಿಸ್ತರಿಸಿ ಆಗಿತ್ತು. ಸೋಮವಾರ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿಯೇ ರದ್ದು.

ಪ್ರಬಂಧವೇನೋ ಸಿದ್ಧವಿತ್ತು. ಸಿಕ್ಕಿಕೊಂಡಿದ್ದು ಆಕರಸೂಚಿ. ಮಾರ್ಗದರ್ಶಕಿ ಡಾ. ಸುಮಂಗಲಾ ಮೇಡಂ ಖಡಾಖಂಡಿತ ಹೇಳಿದ್ದರು, "ಗಾದಿಲಿಂಗ ಅವರೇ, ಈಗ ಯಾರೂ ಆಕರಗಳನ್ನ ಕೈಯಲ್ಲಿ ಬರೆದು ಜೋಡಿಸೋದಿಲ್ಲ. ಅದಕ್ಕೆ ಅಂತಲೇ ಸಾಫ್ಟ್‌ವೇರ್ ಇದೆ. ಅದರಲ್ಲೇ ಮಾಡಿ."

ಆ ಸಾಫ್ಟ್‌ವೇರನ್ನು ತಂದು ಹಾಕಿಕೊಟ್ಟವರು ಅದೇ ಶಾಲೆಯ ವಿಜ್ಞಾನದ ಮೇಷ್ಟ್ರು ನಾಗೇಂದ್ರಪ್ಪ. ಹೆಸರು 'ಆಕರಮಾಲೆ'. ಓದಿದ ಪುಸ್ತಕ, ನೋಡಿದ ಲೇಖನ, ಮಾತಾಡಿಸಿದ ಮನುಷ್ಯ ಎಲ್ಲವನ್ನೂ ಒಂದೊಂದಾಗಿ ಅದಕ್ಕೆ ತಿನ್ನಿಸಿದರೆ, ಬೇಕೆಂದಾಗ ಅಕಾರಾದಿಯಾಗಿ ಸಾಲು ಹಿಡಿದು ನಿಲ್ಲಿಸಿಕೊಡುತ್ತಿತ್ತು. "ನಿಮ್ಮ ಪಕ್ಕದ ಮನಿ ಬೊಮ್ಮಮ್ಮ ಹೂವು ಕಟ್ಟಿಧಂಗ ಕಟ್ಟತೈತ್ರಿ ಇದು. ಮೇಡಂಗೂ ಹಂಚಿಕೊಂಡೀನಿ, ನೀವು ಇಲ್ಲಿ ಏನು ಮಾಡಿದ್ರೂ ಅವ್ರಿಗೆ ಅಲ್ಲಿ ಕಾಣತೈತಿ. ಇನ್ನ ಮನಿ ತುಂಬ ಕಾಗದ ಯಾಕ್ರಿ?" ಎಂದಿದ್ದರು ನಾಗೇಂದ್ರಪ್ಪ. ಈ ಮಾತಿನ ಕೊನೆಯ ಭಾಗ ಮಾತ್ರ ಗೀತಮ್ಮನ ಕಿವಿಗೆ ಬಿತ್ತು. ಮರುದಿನವೇ ಮೇಷ್ಟ್ರ ಹಳೆಯ ಟಿಪ್ಪಣಿಗಳೆಲ್ಲ ರದ್ದಿಗೆ ಹೋದವು. ಈ ಹೊತ್ತಿಗೆ ಅವು ಊರಿನ ಯಾವ ಯಾವ ಅಂಗಡಿಯಲ್ಲಿ ಮಿರ್ಚಿ ಕಟ್ಟಿಕೊಟ್ಟವೋ ಯಾರು ಬಲ್ಲರು.

ಭಾನುವಾರ ಬೆಳಿಗ್ಗೆ ಮೇಷ್ಟ್ರು ಚಹಾ ಹೀರುತ್ತ ಆಕರಸೂಚಿಯ ಮೇಲೆ ಕಣ್ಣಾಡಿಸಿದರು. ಮ-ಕಾರಕ್ಕೆ ಬಂದಾಗ ಲೋಟ ಕೆಳಗಿಟ್ಟು ಪರದೆಗೆ ಮುಖ ಹತ್ತಿರ ತಂದರು.

ಅವರಿಗೆ ಮಾಹಿತಿ ಕೊಟ್ಟವರಲ್ಲಿ ಮೈಲಪ್ಪ ಎಂಬವರು ಮೂವರಿದ್ದರು. ಮೈಲಾರ ದೇವರ ಸೀಮೆ ಅಂದಮೇಲೆ ಮೂವರೇ ಇದ್ದದ್ದು ಕಡಿಮೆಯೇ. ಒಬ್ಬ ಮಾಗಳದ ಮೈಲಪ್ಪಜ್ಜ, ಎಂಬತ್ತು ದಾಟಿದ ಬೆಳೆಗಾರ, ಕಿವಿ ಮಂದ. ಇನ್ನೊಬ್ಬ ಹಗರಿಬೊಮ್ಮನಹಳ್ಳಿಯ ಮೈಲಪ್ಪ, ಬಸ್ ಕಂಡಕ್ಟರ್ ಆಗಿ ಬೆಳಗಿನ ಮೊದಲ ಬಸ್ಸಿನಲ್ಲಿ ಹೂವಿನ ಬುಟ್ಟಿಗಳನ್ನು ಹೊತ್ತೊಯ್ದು ನಿವೃತ್ತನಾದವನು. ಮೂರನೆಯವನು ಹಡಗಲಿಯ ಹೂವಿನ ಮಾರುಕಟ್ಟೆಯ ದಲ್ಲಾಳಿ ಮೈಲಪ್ಪ, ಬುಟ್ಟಿಯ ಹಿಡಿಕೆಯಂಥ ಮೀಸೆಯವನು. ಈಗ ಪರದೆಯ ಮೇಲೆ ಇದ್ದವನು ಒಬ್ಬನೇ. ವಯಸ್ಸು ಅಜ್ಜನದು, ವೃತ್ತಿ ಕಂಡಕ್ಟರನದು, ಫೋಟೊ ದಲ್ಲಾಳಿಯದು. ಎಂಬತ್ತನಾಲ್ಕು ವರ್ಷದ ಆ ಕಂಡಕ್ಟರ್ ಕಪ್ಪು ಮೀಸೆ ತಿರುವಿಕೊಂಡು ನಗುತ್ತಿದ್ದ. ಮೂವರೂ ಹೇಳಿದ ಪದಗಳೆಲ್ಲ ಒಟ್ಟಾಗಿ ಅವನ ಹೆಸರಿನ ಕೆಳಗೆ ರಾಶಿ ಬಿದ್ದಿದ್ದವು.

ಹಿಂದಕ್ಕೆ ಹೋಗುವ ಗುಂಡಿ ಒತ್ತಿದರು. "ಈ ಕ್ರಿಯೆಯನ್ನು ಹಿಂಪಡೆಯಲಾಗದು" ಎಂದಿತು ಆಕರಮಾಲೆ, ತಹಶೀಲ್ದಾರ್ ಕಚೇರಿಯ ಗುಮಾಸ್ತನಷ್ಟೇ ನಿರ್ವಿಕಾರವಾಗಿ.

ಅಷ್ಟರಲ್ಲಿ ಫೋನ್ ರಿಂಗಾಯಿತು. ಸುಮಂಗಲಾ ಮೇಡಂ.

"ಗಾದಿಲಿಂಗ ಅವರೇ, ನಿಮ್ಮ ಆಕರಸೂಚಿ ನಿನ್ನೆನೇ ನೋಡಿದೆ. ಇವತ್ತು ಮಧ್ಯಾಹ್ನ ನಾನೇ ಹಡಗಲಿಗೆ ಬರ್ತಿದ್ದೀನಿ. ಆ ಮೈಲಪ್ಪನ ವಿಷಯ ಎದುರಿಗೇ ಮಾತಾಡಬೇಕು." ಫೋನ್ ಕಟ್ಟಾಯಿತು.

ಮೇಷ್ಟ್ರ ಹಣೆಯ ಮೇಲೆ ಮೂಡಿದ ಬೆವರಿಗೆ ಬೇಸಿಗೆಯೊಂದೇ ಕಾರಣವಾಗಿರಲಿಲ್ಲ.

"ಏನಾತ್ರಿ? ಮುಖ ಯಾಕ ಹಂಗ ಬಿಳಿಚೈತಿ?" ಗೀತಮ್ಮ ಕೇಳಿದಳು.

"ಮೂರು ಮೈಲಪ್ಪರು ಒಬ್ಬ ಆಗ್ಯಾರ."

"ಉಪ್ಪಿನಕಾಯಿ ಮಾಡಿಧಂಗ ಮಾಡೀರೇನು?"

"ಹೂಂ."

ಗೀತಮ್ಮ ಒಳಗೆ ಹೋಗಿ ದೇವರಿಗೆ ಇನ್ನೊಂದು ದೀಪ ಹಚ್ಚಿದಳು.

ಮೇಷ್ಟ್ರು ಮೊದಲು ತಮ್ಮ ಫೋನು ತೆರೆದರು. ಅದರಲ್ಲಿ 'ಮೈಲಪ್ಪ', 'ಮೈಲಪ್ಪ ಹೊಸದು', 'ಮೈಲಪ್ಪ ಇವನೇ' ಎಂದು ಮೂರು ಹೆಸರಿದ್ದವು. ಮೊದಲಿನದು ಚಾಲ್ತಿಯಲ್ಲಿರಲಿಲ್ಲ. ಎರಡನೆಯದನ್ನು ಎತ್ತಿದವನು ಕೊಟ್ಟೂರಿನ ಟೈಲರ್, "ಹೊಲಿಗಿ ಮುಂದಿನ ವಾರ" ಎಂದು ಇಟ್ಟುಬಿಟ್ಟ. ಮೂರನೆಯವನು ಮಾತ್ರ ಬಹಳ ಆತ್ಮೀಯವಾಗಿ ಮಾತಾಡಿದ.

"ಈಗ ನೆನಪಾತೇನ್ರಿ ಮೇಷ್ಟ್ರ? ನಾನೂ ಬರಬೇಕು ಬರಬೇಕು ಅನ್ಕೊಂತಾನ ಇದ್ದೆ. ಈಗ ಬಂದೆ ನೋಡ್ರಿ."

"ಬೇಗ ಬಾರಪ್ಪ, ಮೇಡಂ ಬರೋದ್ರಾಗ ಆಗಬೇಕು."

ಅವನು ಬಂದ, ಕೈಯಲ್ಲಿ ಪಾನಾ, ಹೆಗಲ ಮೇಲೆ ಪೈಪು. ನಳ ರಿಪೇರಿಯ ಮೈಲಪ್ಪ! ಬಚ್ಚಲಿನ ನಳ ಸೋರುತ್ತಿದೆಯೆಂದು ಮೇಷ್ಟ್ರು ಯಾವ ಕಾಲದಲ್ಲೋ ಅವನಿಗೆ ಹೇಳಿದ್ದರು. ಬೇಡವೆನ್ನುವಷ್ಟರಲ್ಲಿ ಬಚ್ಚಲು ಹೊಕ್ಕು, ಮನೆಯ ನೀರನ್ನೆಲ್ಲ ಬಂದ್ ಮಾಡಿ, ಠಣ್ ಠಣ್ ಎಂದು ಶುರುಹಚ್ಚಿಕೊಂಡ.

ಇನ್ನು ಉಳಿದ ದಿಕ್ಕು ನಾಗೇಂದ್ರಪ್ಪ. ಫೋನ್ ಮಾಡಿದ ಕೂಡಲೇ ತಲೆಯ ಮೇಲಿನ ಹೆಲ್ಮೆಟ್ಟನ್ನೂ ತೆಗೆಯದೆ ಒಳಗೆ ಬಂದರು. ಪರದೆಯ ಮೇಲಿನ ಕಪ್ಪು ಮೀಸೆಯ ಮುದುಕ ಕಂಡಕ್ಟರನನ್ನು ಬಹಳ ಹೊತ್ತು ನೋಡಿದರು.

"ಆರೋಗ್ಯ ಬೇಸು ಇಟ್ಕೊಂಡಾನ," ಎಂದರು.

"ನಾಗೇಂದ್ರಪ್ಪ, ಚೇಷ್ಟಿ ಬ್ಯಾಡ. ಯಾವ ಪದ ಯಾರು ಹೇಳಿದ್ದು ಅಂತ ಗೊತ್ತಾಗಬೇಕು. ಅರ್ಧಕ್ಕರ್ಧ ನೆನಪೈತಿ, ಉಳಿದಿದ್ದಕ್ಕ ಅವ್ರನ್ನ ಕೇಳಬೇಕು. ಮೂವರೂ ಮೂರು ಕಡಿ ಅದಾರ."

"ಇಷ್ಟ ಹೌದಿಲ್ರಿ? ಊಟದ ಹೊತ್ತಿಗೆ ಮೂರೂ ಮೈಲಪ್ಪರು ನಿಮ್ಮ ಕಟ್ಟಿ ಮ್ಯಾಲೆ ಕುಂತಿರ್ತಾರ. ನನಗ ಬಿಡ್ರಿ."

ಮೇಷ್ಟ್ರು ಬಿಟ್ಟರು. ನಾಗೇಂದ್ರಪ್ಪನವರು ತಾವು ಸದಸ್ಯರಾಗಿದ್ದ ವಾಟ್ಸಾಪ್ ಗುಂಪುಗಳಿಗೆಲ್ಲ ಒಂದು ಸಂದೇಶ ಕಳಿಸಿದರು. ಶಾಲೆಯ ಸುತ್ತೋಲೆಗಳನ್ನು ಬರೆದು ಪಳಗಿದ ಕೈ ಅದು.

"ಸೂಚನೆ. ಮೈಲಪ್ಪ ಎಂಬ ಹೆಸರಿನವರ ಗಮನಕ್ಕೆ. ತಾಂತ್ರಿಕ ಕಾರಣದಿಂದ ತಮ್ಮ ಹೆಸರುಗಳು ವಿಲೀನಗೊಂಡಿರುತ್ತವೆ. ಸದರಿಯವರು ಇಂದು ಮಧ್ಯಾಹ್ನದೊಳಗೆ ಗಾದಿಲಿಂಗ ಮೇಷ್ಟ್ರ ಮನೆಗೆ ಖುದ್ದು ಹಾಜರಾಗಿ ತಮ್ಮ ವಿವರ ಸರಿಪಡಿಸಿಕೊಳ್ಳತಕ್ಕದ್ದು. ತಪ್ಪಿದಲ್ಲಿ ಮುಂದಿನ ಪರಿಣಾಮಗಳಿಗೆ ತಾವೇ ಹೊಣೆ."

"ಕೊನೀ ಸಾಲು ಯಾಕ್ರಿ?" ಮೇಷ್ಟ್ರು ಹೆದರುತ್ತ ಕೇಳಿದರು.

"ಅದಿಲ್ಲಂದ್ರ ಜನ ಬರಂಗಿಲ್ರಿ."

ಜನ ಬಂದರು.

ಮೊದಲು ಬಂದವನು ಸೋಗಿಯ ಮೈಲಪ್ಪ, ಆಧಾರ್ ಕಾರ್ಡ್ ಹಿಡಿದುಕೊಂಡು. ಅವನ ಹಿಂದೆ ಹೊಳಲಿನ ಮೈಲಪ್ಪ, ರೇಷನ್ ಕಾರ್ಡ್ ಸಮೇತ. ಆಮೇಲೆ ಒಂದು ಟಂಟಂ ಗಾಡಿ ಬಂದು ನಿಂತಿತು, ಅದರಿಂದ ಇಳಿದವರೆಲ್ಲ ಮೈಲಪ್ಪಗಳೇ, ಓಡಿಸುತ್ತಿದ್ದವನೂ ಮೈಲಪ್ಪನೇ. ಹರಪನಹಳ್ಳಿಯಿಂದ ಬಂದ ಒಬ್ಬ ದಾವಣಗೆರೆಯ ಮಾತಿನ ಧಾಟಿಯಲ್ಲಿ, "ನಂದು ಬೇರೆ ತಾಲೂಕು ಕಣ್ರಿ, ಆದ್ರೂ ಒಂದು ಮಾತು ಕೇಳಿ ಹೋಗಾಣ ಅಂತ ಬಂದೆ," ಎಂದು ಮೆಟ್ಟಿಲ ಮೇಲೆ ಜಾಗ ಹಿಡಿದ. ಎದುರುಮನೆಯ ಪಾಲಣ್ಣ, ಭಾನುವಾರ ಎಂದೂ ತೆಗೆಯದ ತನ್ನ ಜೆರಾಕ್ಸ್ ಅಂಗಡಿಯ ಬಾಗಿಲನ್ನು ಮೇಲೆತ್ತಿ, "ಎರಡೆರಡು ಪ್ರತಿ ಇಟ್ಕೊಳ್ರಪ್ಪೋ!" ಎಂದು ಕೂಗತೊಡಗಿದ.

ಬೀದಿಯ ವ್ಯವಹಾರಗಳಲ್ಲಿ ಪಕ್ಕದ ಮನೆಯ ಬೊಮ್ಮಮ್ಮನ ಪಾತ್ರವಿಲ್ಲದೆ ಏನೂ ನಡೆಯುವಂತಿರಲಿಲ್ಲ. ಆಕೆ ಕಟ್ಟುತ್ತಿದ್ದ ಹೂವಿನ ದಂಡೆಯನ್ನು ಕೊರಳಿಗೇ ಹಾಕಿಕೊಂಡು ಬಂದು ಸಾಲು ನಿಲ್ಲಿಸುವ ಕೆಲಸಕ್ಕೆ ನಿಂತಳು.

"ಏನ್ ಕೊಡ್ತಾರಬೇ?" ಯಾರೋ ಕೇಳಿದರು.

"ಪಿಂಚಣಿ ಅಂತ ಕೇಳೀನಿ," ಎಂದಳು ಬೊಮ್ಮಮ್ಮ, ತನ್ನ ಬಾಯಿಂದಲೇ ಮೊದಲ ಸಲ ಕೇಳುತ್ತ. "ಆ ಹೆಸರಿನೋರಿಗೆ ಮಾತ್ರ. ದೇವರ ಹೆಸರಲ್ಲೇನು?"

ಇದು ಸಾಲಿನ ತುದಿ ಮುಟ್ಟುವಷ್ಟರಲ್ಲಿ ಪಿಂಚಣಿಯ ಜೊತೆಗೆ ಮನೆಯೂ ಸೇರಿಕೊಂಡಿತ್ತು.

"ನನ್ನ ಗಂಡ ಮೈಲಪ್ಪ ಬಳ್ಳಾರಿಗೆ ಹೋಗ್ಯಾನ್ರಿ. ನಾನು ಹೆಬ್ಬೆಟ್ಟು ಒತ್ತಿದ್ರ ನಡೀತೈತೇನು?" ಎಂದು ಒಬ್ಬಳು ಕಿಟಕಿಯಲ್ಲಿ ಮುಖವಿಟ್ಟಳು. ಇನ್ನೊಬ್ಬಳು, ಹೆಸರು ಹಂಪಮ್ಮ, ನೇರ ಒಳಗೇ ಬಂದಳು. "ಮೈಲಪ್ಪರಿಗೆ ಆತು. ಹಂಪಮ್ಮರಿಗೆ ಯಾವಾಗ್ರಿ? ನಾವೇನು ದೇವರ ಹೆಸರು ಇಟ್ಕೊಂಡಿಲ್ಲೇನು?"

"ಅವ್ವಾ, ಇದು ಪಿಂಚಣಿ ಅಲ್ಲ. ಆಕರಸೂಚಿ," ಎಂದರು ಮೇಷ್ಟ್ರು.

"ಹೆಸರು ಏನರ ಇರಲಿ, ನಮಗೂ ಕೊಡಬೇಕು," ಎಂದು ಹಂಪಮ್ಮ ನಡುಮನೆಯಲ್ಲೇ ಕುಳಿತಳು.

ಮೇಷ್ಟ್ರು ಕಟ್ಟೆಯ ಮೇಲೆ ಹತ್ತಿ ನಿಂತು ಇದ್ದ ಸಂಗತಿಯನ್ನು ಎತ್ತರದ ದನಿಯಲ್ಲಿ ಬಿಡಿಸಿ ಹೇಳಿದರು. ಪ್ರಬಂಧ ಅಂದರೇನು, ಆಕರ ಅಂದರೇನು, ಸಾಫ್ಟ್‌ವೇರು ಮೂವರನ್ನು ಹೇಗೆ ಒಬ್ಬನನ್ನಾಗಿ ಮಾಡಿತು ಎಲ್ಲವನ್ನೂ ಹೇಳಿದರು. ಜನ ಶಾಂತವಾಗಿ ಕೇಳಿದರು. ಕೊನೆಗೆ ಸೋಗಿಯ ಮೈಲಪ್ಪ ಎದ್ದು ನಿಂತು, "ಎಲ್ಲಾ ತಿಳೀತ್ರಿ. ಈಗ ಫೋಟೊ ಎಷ್ಟು ಬೇಕು?" ಎಂದ.

ಅದೃಷ್ಟಕ್ಕೆ ಆ ಗದ್ದಲದಲ್ಲೇ ಬೇಕಾದ ಮೂವರೂ ಇದ್ದರು. ಮಾಗಳದ ಮೈಲಪ್ಪಜ್ಜನನ್ನು ಯಾರೋ ಬೈಕಿನ ಹಿಂದೆ ಕೂಡಿಸಿಕೊಂಡು ಬಂದಿದ್ದರು. ಕಂಡಕ್ಟರ್ ಮೈಲಪ್ಪ ನಿವೃತ್ತನಾದರೂ ಖಾಕಿ ಅಂಗಿಯಲ್ಲೇ ಬಂದು, ಬೊಮ್ಮಮ್ಮನ ಸಾಲನ್ನು "ಮುಂದಕ್ಕ ಹೋಗ್ರಿ, ಮುಂದಕ್ಕ ಹೋಗ್ರಿ" ಎಂದು ಒತ್ತುತ್ತಿದ್ದ. ದಲ್ಲಾಳಿ ಮೈಲಪ್ಪ ಮಾರುಕಟ್ಟೆ ಮುಗಿಸಿ ನೇರ ಬಂದಿದ್ದ. ಮೇಷ್ಟ್ರು ಮೂವರನ್ನೂ ಎಳೆದುಕೊಂಡು ಹೋಗಿ ಕಂಪ್ಯೂಟರಿನ ಮುಂದೆ ಕೂಡಿಸಿ, ಒಂದೊಂದೇ ಪದ ಓದುತ್ತ ಹೋದರು.

ಗಿಡದ, ಮಣ್ಣಿನ ಮಾತುಗಳೆಲ್ಲ ಅಜ್ಜನ ಪಾಲಿಗೆ ಸಲೀಸಾಗಿ ಹೋದವು. ಬುಟ್ಟಿ, ಗೋಣಿತಾಟು, ಬಸ್ಸಿನ ಮಾತುಗಳು ಕಂಡಕ್ಟರನಿಗೆ ಬಂದವು. 'ಕಳ್ಳಮೊಗ್ಗು' ಬಂದಾಗ ಮಾತ್ರ ಗಾಡಿ ನಿಂತಿತು. ಸಂಜೆ ಅರಳುವಂತೆ ಕಂಡು ಅರಳದೆ ಮೋಸ ಮಾಡುವ ಮೊಗ್ಗಿಗೆ ಆ ಹೆಸರು. ಇಡೀ ಪ್ರಬಂಧದಲ್ಲಿ ಮೇಷ್ಟ್ರಿಗೆ ಅತಿ ಪ್ರಿಯವಾದ ಪದ.

"ಅದು ನಂದು," ಎಂದ ಕಂಡಕ್ಟರ್.

"ಲೇ, ಟಿಕೇಟು ಹರಿಯೋನಿಗೆ ಮೊಗ್ಗಿನ ಕಳ್ಳತನ ಏನು ಗೊತ್ತಲೇ? ಅದು ನಂದು," ಎಂದ ದಲ್ಲಾಳಿ.

"ನಂದು! ಇಪ್ಪತ್ತು ವರ್ಷ ಬುಟ್ಟಿ ಕಾದೀನಿ ನಾನು!"

ಅಜ್ಜ ಇಬ್ಬರ ಮುಖವನ್ನೂ ನೋಡಿ, "ಕಳ್ಳ ಯಾರು?" ಎಂದು ವಿಚಾರಿಸಿದ.

ಮೇಷ್ಟ್ರು ಜಗಳ ತಪ್ಪಿಸಲೆಂದು ಮುಂದಿನ ಸಾಲು ಓದಿಬಿಟ್ಟರು. ಅದು ಇನ್ನೂ ಕೆಟ್ಟದಾಗಿತ್ತು. "ದಲ್ಲಾಳಿ ತಕ್ಕಡಿಗೆ ಯಾವಾಗಲೂ ನಿದ್ದಿ, ಒಂದ ಕಡಿಗೆ ತೂಕಡಿಸ್ತಿರತೈತಿ."

ದಲ್ಲಾಳಿಯ ಮೀಸೆ ಎರಡೂ ಕಡೆ ನೆಟ್ಟಗಾಯಿತು. "ಯಾವನ್ಲೇ ಅಂದಾವ ಈ ಮಾತು?"

"ನಾನಲ್ಲಪ್ಪ," ಎಂದ ಕಂಡಕ್ಟರ್. "ಅಜ್ಜ ಅಂದಿರಬೇಕು."

"ಅಜ್ಜಾ! ತಕ್ಕಡಿಗೆ ನಿದ್ದಿ ಅಂತ ಅಂದೇನು?" ದಲ್ಲಾಳಿ ಅಜ್ಜನ ಕಿವಿಯಲ್ಲಿ ಕೂಗಿದ.

"ಹೌದೋ ಯಪ್ಪಾ, ಭಾಳ ನಿದ್ದಿ ಬಂದೈತಿ. ಮನಿಗೆ ಬಿಡ್ರಿ ನನ್ನ," ಎಂದ ಅಜ್ಜ.

ಇಷ್ಟರಲ್ಲಿ ಹೊರಗಿನವರೆಲ್ಲ ಬಾಗಿಲಲ್ಲಿ, ಕಿಟಕಿಯಲ್ಲಿ ಮುಖ ತುರುಕಿದ್ದರು. ನಳದ ಮೈಲಪ್ಪನೂ ಪಾನಾ ಹಿಡಿದು ಬಚ್ಚಲಿನಿಂದ ಎದ್ದು ಬಂದ. ಬೆಳೆಗಾರ ಮೈಲಪ್ಪಗಳೆಲ್ಲ, "ಅಂದಿದ್ರಾಗ ಸುಳ್ಳೇನೈತಿ?" ಎಂದು ಒಂದಾದರು. ದಲ್ಲಾಳಿ ತೋಳೇರಿಸಿದ. ನಾಗೇಂದ್ರಪ್ಪನವರ ಹೆಲ್ಮೆಟ್ಟು ಇನ್ನೂ ತಲೆಯ ಮೇಲಿದ್ದದ್ದು ಎಷ್ಟು ದೂರದೃಷ್ಟಿಯದೆಂದು ಮೇಷ್ಟ್ರಿಗೆ ಹೊಳೆಯಿತು.

"ತಡೀರಿ, ತಡೀರಿ! ಈ ಮಾತಿಗೆ ಧ್ವನಿ ಐತಿ!" ನಾಗೇಂದ್ರಪ್ಪ ಕೂಗಿದರು. ಆಕರಮಾಲೆ ಎಲ್ಲ ಕಲಸಿದ್ದರೂ ಮೇಷ್ಟ್ರು ಹಿಂದೆ ಹಾಕಿದ್ದ ಒಂದು ರೆಕಾರ್ಡಿಂಗನ್ನು ಆ ಸಾಲಿಗೆ ಅಂಟಿಸಿಯೇ ಇಟ್ಟಿತ್ತು. ಗುಂಡಿ ಒತ್ತಿದರು.

ಹಿಂದೆ ಮಾರುಕಟ್ಟೆಯ ಗದ್ದಲ, ಮುಂದೆ ದಲ್ಲಾಳಿ ಮೈಲಪ್ಪನದೇ ದಪ್ಪ ಗಂಟಲು. "ಬರ್ಕೊಳ್ರಿ ಮೇಷ್ಟ್ರ. ನಂದೊಂದು ಬಿಟ್ಟು ಈ ಮಾರ್ಕೆಟ್ಟಿನಾಗ ದಲ್ಲಾಳಿ ತಕ್ಕಡಿಗೆ ಯಾವಾಗಲೂ ನಿದ್ದಿ, ಒಂದ ಕಡಿಗೆ ತೂಕಡಿಸ್ತಿರತೈತಿ. ಮೊಗ್ಗಿನಾಗ ಕಳ್ಳಮೊಗ್ಗು ಇದ್ದಂಗ ದಲ್ಲಾಳ್ಯಾಗೂ ಅದಾರ!"

ಆಗ ಎದ್ದ ನಗೆಗೆ ಪಾಲಣ್ಣ ಜೆರಾಕ್ಸ್ ಯಂತ್ರ ನಿಲ್ಲಿಸಿ ಓಡಿ ಬಂದ. ದಲ್ಲಾಳಿ ಮೊದಲು ಕೆಂಪಾದ, ಆಮೇಲೆ ತಾನೂ ನಕ್ಕ. "ನಂದೊಂದು ಬಿಟ್ಟು ಅಂದೀನಲ್ಲ, ಅದನ್ನೂ ಬರೀರಿ ಮತ್ತ," ಎಂದ. ಕಳ್ಳಮೊಗ್ಗೂ ಅವನ ಪಾಲಿಗೇ ಬಂತು. ಕಂಡಕ್ಟರ್ ದೊಡ್ಡ ಮನಸ್ಸು ಮಾಡಿ, "ಇರಲಿ, ಇಟ್ಕೊ," ಎಂದ.

ಊಟದ ಹೊತ್ತಿಗೆ ಕೆಲಸ ಮುಗಿಯಿತು. ಒಬ್ಬ ಮೈಲಪ್ಪ ಮತ್ತೆ ಮೂವರಾದರು. ಅವರವರ ವಯಸ್ಸು ಅವರವರಿಗೆ, ಅವರವರ ಮೀಸೆ ಅವರವರಿಗೆ. ಗೀತಮ್ಮ ಪಕ್ಕದ ಮನೆಯಿಂದ ನೀರು ತಂದು, ಸಿಕ್ಕ ಮಂಡಕ್ಕಿಗೆಲ್ಲ ಒಗ್ಗರಣೆ ಹಾಕಿ, ಬಂದ ಮೈಲಪ್ಪಗಳಿಗೆಲ್ಲ ಹಂಚಿದಳು. ಪಿಂಚಣಿಯಿಲ್ಲವೆಂಬುದು ಅಷ್ಟರಲ್ಲಿ ಹೆಚ್ಚಿನವರಿಗೆ ತಿಳಿದಿತ್ತು. ಆದರೆ ನೆರಳಿತ್ತು, ಮಂಡಕ್ಕಿಯಿತ್ತು, ಜೊತೆಗೆ ಒಂದೇ ಹೆಸರಿನವರು ಇಷ್ಟು ಮಂದಿ ಒಂದೆಡೆ ಸಿಗುವುದು ದಿನಾ ಆಗುವ ಮಾತಲ್ಲ. ಯಾರೋ "ಮೈಲಪ್ಪಾ" ಎಂದು ಕರೆಯುವುದು, ಅಂಗಳಕ್ಕೆ ಅಂಗಳವೇ "ಓ" ಎನ್ನುವುದು, ಮತ್ತೆ ನಗುವುದು. ಒಬ್ಬರೂ ಮೇಲೇಳಲಿಲ್ಲ. ಮೇಷ್ಟ್ರಿಗೂ ಅವರನ್ನು ಎಬ್ಬಿಸುವ ಮನಸ್ಸಾಗಲಿಲ್ಲ. ಎದೆ ಹಗುರಾಗಿತ್ತು.

ಸುಮಂಗಲಾ ಮೇಡಂ ಕಾರಿನಿಂದ ಇಳಿದಾಗ ಅವರ ಕೈಯಲ್ಲಿ ಹಣ್ಣಿನ ಬುಟ್ಟಿ, ತೋಳಿನ ಮೇಲೆ ಜರಿಯಂಚಿನ ಶಾಲು. ಮೇಷ್ಟ್ರ ನಮಸ್ಕಾರಕ್ಕೂ ಕಾಯದೆ ಮುಖ ಅರಳಿಸಿ, "ಎಲ್ಲಿ ಅವರು?" ಎಂದರು.

"ಯಾರ್ರಿ ಮೇಡಂ?"

"ನಿಮ್ಮ ಮೈಲಪ್ಪ! ಎಂಥಾ ಮನುಷ್ಯನ್ನ ಹುಡುಕಿದ್ದೀರಿ ಗಾದಿಲಿಂಗ ಅವರೇ! ಎಂಬತ್ತನಾಲ್ಕು ವರ್ಷ. ಗಿಡದ ಬೇರಿನಿಂದ ಹಿಡಿದು ತಕ್ಕಡಿ, ಬಸ್ಸಿನ ತನಕ ಒಬ್ಬರಿಗೇ ಎಲ್ಲಾ ಗೊತ್ತು! ಬೆಳೆದಿದ್ದಾರೆ, ಮಾರಿದ್ದಾರೆ, ಕಂಡಕ್ಟರ್ ಕೂಡ ಆಗಿದ್ದಾರೆ! ಇಷ್ಟು ವರ್ಷದ ಸರ್ವೀಸಿನಲ್ಲಿ ನಾನು ಇಂಥ ಮಾಹಿತಿದಾರರನ್ನ ನೋಡಿಲ್ಲ. ನಿನ್ನೆ ನೋಡಿದ ಕೂಡಲೇ, ಪ್ರಬಂಧ ಒಪ್ಪಿಸೋಕೆ ಬೇಕಾದ ನಿಮ್ಮ ಪ್ರಮಾಣಪತ್ರಕ್ಕೆ ಸಹಿ ಮಾಡಿಬಿಟ್ಟೆ." ಚೀಲದಿಂದ ಅದನ್ನು ತೆಗೆದು ತೋರಿಸಿದರು. ನೀಲಿ ಶಾಯಿಯಲ್ಲಿ ಅವರ ಉದ್ದನೆಯ ಸಹಿ ಹೊಳೆಯುತ್ತಿತ್ತು. "ವಿಶ್ವವಿದ್ಯಾಲಯದ ಜಾನಪದ ಗೌರವಕ್ಕೂ ಅವರ ಹೆಸರು ಬರೆದು ಕಳಿಸಿದ್ದೀನಿ. ನಾನೇ ಮೊದಲು ಶಾಲು ಹೊದಿಸಬೇಕು ಅಂತ ಬಂದೆ. ಕರೀರಿ."

ನಾಗೇಂದ್ರಪ್ಪ ಹಿಂದಿನಿಂದ ಮೇಷ್ಟ್ರ ಕಿವಿಯಲ್ಲಿ ಊದಿದರು. "ಅಜ್ಜನ್ನ ಮುಂದ ನಿಲ್ಲಸ್ರಿ. ಕಿವಿ ಕೇಳಂಗಿಲ್ಲ, ಏನೂ ಹೇಳಂಗಿಲ್ಲ. ಶಾಲು ಹೊದಿಸ್ಲಿ, ಸಹಿ ಮಾಡಿದ ಪತ್ರ ಇಸ್ಕೊಳ್ರಿ, ಮುಗೀತು."

ನೀಲಿ ಶಾಯಿ ಎರಡಡಿ ದೂರದಲ್ಲಿತ್ತು. ಮೇಷ್ಟ್ರು ಎಂದೂ ಸುಳ್ಳು ಹೇಳಿದವರಲ್ಲ, ಆದರೆ ಈಗ ಅವರ ಕೈ ತಾನೇ ತಾನಾಗಿ ಅಜ್ಜನ ಕಡೆ ಅರ್ಧ ಎದ್ದಿತು. ಅಷ್ಟರಲ್ಲಿ ಮೇಡಂ ಚೀಲದಿಂದ ಇನ್ನೊಂದು ಹಾಳೆ ತೆಗೆದು ಹಿಡಿದರು. "ಹೀಗಿದ್ದಾರೆ ನೋಡಿ, ಈ ವಯಸ್ಸಲ್ಲೂ ಮೀಸೆ ಎಷ್ಟು ಕಪ್ಪು!"

"ಅದು ನಾನ್ರಿ!" ಗುಂಪನ್ನು ಸೀಳಿಕೊಂಡು ದಲ್ಲಾಳಿ ಬಂದ.

ಕಂಡಕ್ಟರ್ ಹೆಗಲ ಮೇಲಿಂದ ಇಣುಕಿದ. "ಮುಖ ಅವನ್ದು, ಕೆಳಗ ಬರೆದ ನೌಕರಿ ನಂದ್ರಿ ಮೇಡಂ."

"ವಯಸ್ಸು ನಮ್ಮ ಅಜ್ಜಂದು!" ಮಾಗಳದಿಂದ ಬೈಕಿನಲ್ಲಿ ಕರೆತಂದವನು ಅಜ್ಜನನ್ನು ಮುಂದೆ ತಳ್ಳಿದ.

"ನಾವೂ ಮೈಲಪ್ಪರೇ ರೀ!" ಎಂದಿತು ಅಂಗಳ.

ಮೇಡಂ ಆ ಮುಖಗಳ ಸಾಲನ್ನು ನೋಡಿದರು, ಆಮೇಲೆ ಗಾದಿಲಿಂಗ ಮೇಷ್ಟ್ರನ್ನು ನೋಡಿದರು. ಮೇಷ್ಟ್ರು ತಲೆ ತಗ್ಗಿಸಿ ಮೊದಲಿನಿಂದ ಕೊನೆಯವರೆಗೆ ನಡೆದದ್ದನ್ನೆಲ್ಲ ಹೇಳಿದರು. ಈ ನಡುವೆ ಮೈಲಪ್ಪಜ್ಜ ಮೇಡಂ ತೋಳಿನ ಮೇಲಿದ್ದ ಶಾಲನ್ನು ಮೆಲ್ಲಗೆ ಎಳೆದುಕೊಂಡು, ಮಡಚಿ ತಲೆದಿಂಬು ಮಾಡಿ, ಕಟ್ಟೆಯ ಮೇಲೆ ಮಲಗಿ ನಿದ್ದೆಹೋದ. ಯಾರೂ ಬೇಡವೆನ್ನಲಿಲ್ಲ.

"ಅಂದ್ರೆ ನಾನು ಇಲ್ಲದ ಮನುಷ್ಯನಿಗೆ ಗೌರವ ಕೊಡಿ ಅಂತ ಬರೆದು ಕಳಿಸಿದ್ದೀನಿ," ಎಂದರು ಮೇಡಂ ನಿಧಾನವಾಗಿ.

"ಇಲ್ಲಾಂತಿಲ್ರಿ ಮೇಡಂ. ಅದಾನ. ಮೂರು ಕಡಿ ಅದಾನ," ಎಂದರು ನಾಗೇಂದ್ರಪ್ಪ. ಮೇಡಂ ಅವರ ಹೆಲ್ಮೆಟ್ಟನ್ನು ನೋಡಿದ ರೀತಿಗೆ ಅವರು ಬಚ್ಚಲಿನ ಕಡೆ ಹೊರಟುಹೋದರು, ನಳದ ರಿಪೇರಿ ಎಲ್ಲಿಗೆ ಬಂತೆಂದು ವಿಚಾರಿಸುವ ನೆಪದಲ್ಲಿ.

ಮೇಡಂ ಕಟ್ಟೆಯ ಅಂಚಿನಲ್ಲಿ ಕುಳಿತರು. ಗೀತಮ್ಮ ಅವರ ಕೈಗೂ ಒಂದು ತಟ್ಟೆ ಮಂಡಕ್ಕಿ ಕೊಟ್ಟಳು. ಪಕ್ಕದಲ್ಲೇ ಸೋಗಿಯ ಮೈಲಪ್ಪ ಹೊಳಲಿನ ಮೈಲಪ್ಪನೊಂದಿಗೆ ಈ ವರ್ಷದ ಹೂವಿನ ಬಗ್ಗೆ ಮಾತಾಡುತ್ತಿದ್ದ. "ಈ ಸಲ ಬರೀ ಹೊಟ್ಟಿಕಿಚ್ಚಿನ ಹೂವು ನೋಡಪ್ಪ. ಪಕ್ಕದ ಹೊಲದಾಗ ಅರಳಿದ ಮ್ಯಾಲೆನ ನಮ್ಮದು ಅರಳೋದು." ಹೊಳಲಿನವನು, "ನಮ್ಮ ಕಡಿ ಅದಕ್ಕ ದಾಯಾದಿ ಹೂವು ಅಂತೀವಿ," ಎಂದ.

ಮೇಡಂ ಬಾಯಿಯ ಕಡೆ ಹೊರಟಿದ್ದ ಮಂಡಕ್ಕಿ ನಡುದಾರಿಯಲ್ಲೇ ನಿಂತಿತು. "ಗಾದಿಲಿಂಗ ಅವರೇ, ಈ ಎರಡು ಪದ ನಿಮ್ಮ ಪ್ರಬಂಧದಲ್ಲಿ ಇದಾವಾ?"

"ಇಲ್ರಿ ಮೇಡಂ. ನಾನೂ ಈಗ ಕೇಳಿದೆ." ಹಾಗೆನ್ನುವಾಗಲೇ ಮೇಷ್ಟ್ರ ಕೈ ಜೇಬಿನ ಪೆನ್ನು ಹುಡುಕುತ್ತಿತ್ತು. ದಾಯಾದಿ ಹೂವು! ಎಷ್ಟು ಚೆಂದದ ಮಾತು! ಸೋಮವಾರ, ರದ್ದಾಗುವ ನೋಂದಣಿ ಯಾವುದೂ ಆ ಒಂದು ಗಳಿಗೆ ಅವರ ನೆನಪಿನಲ್ಲಿರಲಿಲ್ಲ.

"ಅಂಗಳದ ತುಂಬ ಇಷ್ಟು ಜನ ಇದ್ದಾರೆ. ನೀವು ಮೂರು ಜನ ಮೈಲಪ್ಪಗಳನ್ನ ಮಾತಾಡಿಸಿ ಮುಗಿಸಿದ್ದೀರಿ." ಮೇಡಂ ಸಹಿ ಮಾಡಿದ ಪ್ರಮಾಣಪತ್ರವನ್ನು ಎರಡು ಮಡಿಕೆ ಮಾಡಿ ಚೀಲಕ್ಕೆ ಹಾಕಿದರು. ಚೀಲದ ಜಿಪ್ಪು ಎಳೆದ ಸದ್ದು ಮೇಷ್ಟ್ರಿಗೆ ಬಚ್ಚಲಿನ ಸುತ್ತಿಗೆಗಿಂತ ಜೋರಾಗಿ ಕೇಳಿಸಿತು. "ಇಂಥ ಪ್ರಬಂಧಕ್ಕೆ ನನ್ನ ಸಹಿ ಕೊಡೋದಿಲ್ಲ. ವಿಶೇಷ ಪ್ರಕರಣ ಅಂತ ಕುಲಪತಿಗಳ ಹತ್ತಿರ ಇನ್ನೊಂದು ವರ್ಷ ನಾನೇ ಕೇಳಿ ಕೊಡಿಸ್ತೀನಿ. ಇವರಷ್ಟೂ ಜನರನ್ನ ಮಾತಾಡಿಸಿ. ಒಬ್ಬರನ್ನೂ ಬಿಡಬೇಡಿ."

"ಇನ್ನೊಂದು ವರ್ಷ?" ಗೀತಮ್ಮ ಬಾಗಿಲಲ್ಲಿ ನಿಂತು ಕೇಳಿದಳು.

"ಒಂದು ಸಾಕಾಗಲಿಕ್ಕಿಲ್ಲ," ಎಂದರು ಮೇಡಂ, ಅಂಗಳವನ್ನು ಕಣ್ಣಲ್ಲೇ ಅಳೆದು.

ಬೊಮ್ಮಮ್ಮ ಮತ್ತೆ ಸಾಲು ನಿಲ್ಲಿಸಲು ಎದ್ದಳು. ಈ ಸಲ ಪಿಂಚಣಿಯಲ್ಲ, ಪುಸ್ತಕದಲ್ಲಿ ಹೆಸರು ಬರುತ್ತದಂತೆ ಎಂಬ ಸುದ್ದಿ ಪಿಂಚಣಿಗಿಂತ ಬೇಗ ಹಬ್ಬಿತು. ಸೋಗಿಯ ಮೈಲಪ್ಪ ಆಗಲೇ ಮೇಷ್ಟ್ರ ಪಕ್ಕ ಒರಗಿ ಕುಳಿತು, ದಾಯಾದಿ ಹೂವಿಗೂ ಹೊಟ್ಟೆಕಿಚ್ಚಿನ ಹೂವಿಗೂ ಇರುವ ವ್ಯತ್ಯಾಸ ವಿವರಿಸತೊಡಗಿದ್ದ. ಮೇಷ್ಟ್ರು ಪಾಲಣ್ಣನಿಂದ ಇಸಿದುಕೊಂಡ ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದರು. ಪಿಎಚ್‌ಡಿ ಕೈತಪ್ಪಿದ ಮನುಷ್ಯನ ಮುಖ ಹೀಗೆ ಹೊಳೆಯುವುದನ್ನು ಗೀತಮ್ಮ ನಿಂತು ನೋಡಿ, ಇನ್ನೊಂದಿಷ್ಟು ಮಂಡಕ್ಕಿ ನೆನೆಹಾಕಲು ಒಳಗೆ ಹೋದಳು.

ಮೇಡಂ ಹೊರಟು ನಿಂತಾಗ ಮೇಷ್ಟ್ರು ಕಾರಿನ ಕಿಟಕಿಯವರೆಗೆ ಬಂದು ಕೈಮುಗಿದರು. "ಬರೋ ವರ್ಷ ಒಂದು ಪದಾನೂ ಬಿಡದಂಗ ತಂದು ನಿಮ್ಮ ಮುಂದ ಇಡ್ತೀನ್ರಿ ಮೇಡಂ."

"ನನ್ನ ಮುಂದೆ ಅಲ್ಲ ಗಾದಿಲಿಂಗ ಅವರೇ. ನಾನು ಬರೋ ತಿಂಗಳು ನಿವೃತ್ತಿ ಆಗ್ತೀನಿ. ಅದಕ್ಕೇ ನಿಮ್ಮದನ್ನ ಮುಗಿಸಿಕೊಟ್ಟು ಹೋಗೋಣ ಅಂತ ಓಡಿ ಬಂದಿದ್ದು. ಇನ್ನು ಮೇಲೆ ನಿಮ್ಮನ್ನ ಹೊಸ ಮಾರ್ಗದರ್ಶಕರು ನೋಡ್ಕೊಳ್ತಾರೆ. ಒಳ್ಳೆಯವರು, ಆದರೆ ಆಕರದ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಒಬ್ಬ ವಿದ್ಯಾರ್ಥಿ ಅವರ ಲೇಖನವನ್ನ ಬೇರೆಯವರ ಹೆಸರಿಗೆ ಸೇರಿಸಿದ ಅಂತ ಅವನಿಗೆ ಇನ್ನೂ ಸಹಿ ಮಾಡಿಲ್ಲ."

"ಯಾರ್ರಿ ಮೇಡಂ ಅವ್ರು?"

ಡ್ರೈವರ್ ಕಾರು ಚಾಲೂ ಮಾಡಿದ. ಮೇಡಂ ಕಿಟಕಿಯ ಗಾಜು ಏರಿಸುತ್ತ ಹೇಳಿದರು.

"ಡಾಕ್ಟರ್ ಮೈಲಪ್ಪ."